ಚಿತ್ರಸುರುಳಿಯೂ ಪ್ರಾಂತಗಡಿಯೂ



ಒಂದೇ ದೇಶವೆಂದು ಹೆಸರು ಪಡೆದು, ಒಂದೇ ನಾಣ್ಯವನ್ನೂ ಒಂದೇ ಅಂಚೆಯನ್ನೂ ಬಳಸುತ್ತ, ಆಡಳಿತದ ಅನುಕೂಲಕ್ಕಾಗಿ ಮಾತ್ರ ಹಲವು ಪ್ರಾಂತಗಳಾಗಿ ವಿಭಾಗಗೊಂಡಿರುವ ನಾಡಿನಲ್ಲಿ, ಒಂದು ಪ್ರಾಂತದ ಜನ ನೋಡಿ ಮೆಚ್ಚಿದ ಚಿತ್ರವನ್ನು ನೆರೆಯ ಪ್ರಾಂತದ ಜನ ನೋಡಕೂಡದೆಂದು ವಿಧಿಸುವ ಅಧಿಕಾರ ಯಾರಿಗೆ ಸೇರಿದ್ದು, ಆ ಅಧಿಕಾರ ಯಾವ ಭಯದಿಂದ ಹುಟ್ಟಿತು, ಹುಟ್ಟಿದ ಬಳಿಕ ಯಾರ ಯಾರ ಕೈಗೆ ದಾಟಿತು ಎಂಬುದು ಇಂದು ನಾನು ತಮ್ಮ ಮುಂದಿಡಲು ಬಯಸುವ ವಿಚಾರ. ಮುಂಬಯಿಯಲ್ಲಿ ನಿಂತು ಈ ಮಾತನ್ನಾಡುವುದಕ್ಕೆ ಕಾರಣವಿದೆ. ಹಿಂದೀ ಚಿತ್ರಗಳಲ್ಲಿ ಬಹುಭಾಗ ಇಲ್ಲಿ ಹುಟ್ಟುತ್ತವೆ. ಅವುಗಳಿಗೆ ಪ್ರಮಾಣಪತ್ರ ನೀಡುವ ಮಂಡಳಿಯ ಕೇಂದ್ರಸ್ಥಾನವೂ ಇಲ್ಲಿಯೇ ಇದೆ. ಲ್ಯಾಮಿಂಗ್ಟನ್ ರಸ್ತೆಯ ನಾಜ಼್ ಕಟ್ಟಡದ ಹಂಚಿಕೆದಾರರ ಕಚೇರಿಗಳಿಂದ ಅವು ದಶಕಗಳ ಕಾಲ ತಗಡಿನ ಪೆಟ್ಟಿಗೆಗಳಲ್ಲಿ ದೇಶದ ಮೂಲೆಮೂಲೆಗೂ ರೈಲೇರಿ ಹೋಗಿವೆ. ಹೊರಟ ಪೆಟ್ಟಿಗೆ ಎಲ್ಲಿ ತಡೆಯಲ್ಪಟ್ಟರೂ ಅದರ ಪೆಟ್ಟು ಮೊದಲು ಬೀಳುವುದು ಈ ಊರಿಗೆ.

ಈ ಕಥೆಯ ಆದಿಪರ್ವ ಮಾತ್ರ ನಮ್ಮ ನೆಲದ್ದಲ್ಲ. 1910ರ ಜುಲೈ 4ರಂದು ಅಮೆರಿಕದ ನೆವಾಡ ಸಂಸ್ಥಾನದ ರೀನೋ ಪಟ್ಟಣದಲ್ಲಿ, ಜ್ಯಾಕ್ ಜಾನ್ಸನ್ ಎಂಬ ಕರಿಯ ಮುಷ್ಟಿಮಲ್ಲನು, ಅಲ್ಲಿಯವರೆಗೆ ಸೋಲನ್ನೇ ಕಾಣದೆ ನಿವೃತ್ತನಾಗಿದ್ದು ಬಿಳಿಯರ ಮಾನವನ್ನು ಉಳಿಸಿಕೊಡಬೇಕೆಂಬ ಒತ್ತಾಯಕ್ಕೆ ಮಣಿದು ಮತ್ತೆ ಅಖಾಡಕ್ಕಿಳಿದಿದ್ದ ಜೇಮ್ಸ್ ಜೆಫ್ರೀಸ್‌ನನ್ನು ಹದಿನೈದನೆಯ ಸುತ್ತಿನಲ್ಲಿ ಸೋಲಿಸಿದನು. ಆ ರಾತ್ರಿ ಅಮೆರಿಕದ ಹಲವು ನಗರಗಳಲ್ಲಿ ಗಲಭೆಗಳಾದವು. ಜೀವ ಕಳೆದುಕೊಂಡವರಲ್ಲಿ ಹೆಚ್ಚಿನವರು ಕರಿಯರೇ ಆಗಿದ್ದರು. ಕಾದಾಟವನ್ನು ಕಣ್ಣಾರೆ ಕಂಡವರು ಅಖಾಡದ ಸುತ್ತ ಕುಳಿತ ಸಾವಿರಾರು ಮಂದಿ; ಆದರೆ ಕ್ಯಾಮೆರಾ ಅದನ್ನು ಸೆರೆಹಿಡಿದಿತ್ತು, ಮತ್ತು ಕ್ಯಾಮೆರಾ ಸೆರೆಹಿಡಿದುದನ್ನು ಕೋಟಿ ಜನ, ಎಷ್ಟು ಸಲ ಬೇಕಾದರೂ, ಯಾವ ಊರಿನಲ್ಲಿ ಬೇಕಾದರೂ ಕಾಣಬಹುದಾಗಿತ್ತು. ಕರಿಯನ ಮುಷ್ಟಿಗೆ ಬಿಳಿಯನು ಕೆಳಗುರುಳುವ ದೃಶ್ಯ ಪ್ರತಿದಿನ ಪ್ರತಿ ಊರಿನಲ್ಲಿ ಪುನರಾವರ್ತನೆಯಾಗುವುದೆಂಬ ಕಲ್ಪನೆಯೇ ಆಳುವ ವರ್ಣದವರಿಗೆ ಅಸಹ್ಯವಾಯಿತು. ನಗರಸಭೆಗಳು, ಸಂಸ್ಥಾನಗಳು ಒಂದಾದ ಮೇಲೊಂದರಂತೆ ಆ ಚಿತ್ರವನ್ನು ನಿಷೇಧಿಸಿದವು. ಇಂಗ್ಲೆಂಡಿನಲ್ಲಿಯೂ ಮರುವರ್ಷ, ಜಾನ್ಸನ್ ಮತ್ತು ಬಿಲ್ಲಿ ವೆಲ್ಸ್ ಎಂಬ ಬಿಳಿಯ ಮಲ್ಲನ ನಡುವೆ ಲಂಡನ್ನಿನಲ್ಲಿ ಗೊತ್ತಾಗಿದ್ದ ಕಾದಾಟವನ್ನೇ ಗೃಹಮಂತ್ರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ನಡೆಯಗೊಡಲಿಲ್ಲ.

ಅಮೆರಿಕದ ರಾಜ್ಯಾಂಗದಲ್ಲಿ ಜನರ ನಡತೆ ವಿನೋದಗಳನ್ನು ನಿಯಂತ್ರಿಸುವ ಅಧಿಕಾರ ಸಂಸ್ಥಾನಗಳದು. ಸಂಸ್ಥಾನ ಸಂಸ್ಥಾನಗಳ ನಡುವಣ ವಾಣಿಜ್ಯವು ಕೇಂದ್ರದ್ದು. ಆದುದರಿಂದ ನೋಟವನ್ನು ನೇರವಾಗಿ ನಿಷೇಧಿಸಲಾರದ ಅಲ್ಲಿಯ ಶಾಸನಸಭೆಯು, 1912ರ ಜುಲೈನಲ್ಲಿ ಸಿಮ್ಸ್ ಎಂಬ ಪ್ರತಿನಿಧಿಯ ಹೆಸರಿನಿಂದ ಪ್ರಸಿದ್ಧವಾದ ಕಾಯಿದೆಯನ್ನು ಅಂಗೀಕರಿಸಿ, ನೋಟವನ್ನು ಬಿಟ್ಟು ದಾರಿಯನ್ನು ನಿಷೇಧಿಸಿತು. ಮುಷ್ಟಿಯುದ್ಧದ ಚಿತ್ರಸುರುಳಿಯನ್ನು ಸಾರ್ವಜನಿಕ ಪ್ರದರ್ಶನಕ್ಕಾಗಿ ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಸಾಗಿಸುವುದು, ಅಂಚೆಯಲ್ಲಿ ಕಳುಹಿಸುವುದು, ಪರದೇಶದಿಂದ ತರುವುದು ಅಪರಾಧ. ಅದಕ್ಕೆ ಸಾವಿರ ಡಾಲರಿನವರೆಗೆ ದಂಡ ಅಥವಾ ಒಂದು ವರ್ಷದವರೆಗೆ ಶ್ರಮಸಹಿತ ಸೆರೆ, ಅಥವಾ ಎರಡೂ. ಕಾದುವುದು ತಪ್ಪಲ್ಲ; ಕಾದಿದ್ದನ್ನು ಪತ್ರಿಕೆಗಳಲ್ಲಿ ಏಟು ಏಟಿಗೂ ವರ್ಣಿಸುವುದು ತಪ್ಪಲ್ಲ; ಚಿತ್ರವನ್ನು ಗಡಿ ದಾಟಿಸುವುದು ತಪ್ಪು.

ಈ ಶಾಸನದ ಮುಂದಿನ ಚರಿತ್ರೆಯಲ್ಲಿ ಎರಡು ಘಟನೆಗಳ ಬಳಿ ನಾನು ಸ್ವಲ್ಪ ತಡೆದು ನಿಲ್ಲಬೇಕು. 1915ರ ಏಪ್ರಿಲಿನಲ್ಲಿ ಹವಾನಾ ನಗರದಲ್ಲಿ ಜಾನ್ಸನ್ ಸೋತನು. ಗೆದ್ದವನು ಜೆಸ್ ವಿಲ್ಲರ್ಡ್ ಎಂಬ ಬಿಳಿಯನು. ಇದಕ್ಕಾಗಿಯೇ ಐದು ವರ್ಷ ಕಾದಿದ್ದ ಜನ ಈ ಚಿತ್ರವನ್ನು ಕಾಣಲು ಹಾತೊರೆದರು. ಆದರೆ ತಾವೇ ಬರೆಯಿಸಿದ್ದ ಶಾಸನ ಅವರಿಗೇ ಅಡ್ಡ ನಿಂತಿತು. ಸುಂಕದ ಅಧಿಕಾರಿಗಳು ಸುರುಳಿಯನ್ನು ಒಳಗೆ ಬಿಡಲಿಲ್ಲ; ಅದೇ ವರ್ಷದ ಕೊನೆಗೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅಧಿಕಾರಿಗಳದೇ ಸರಿಯೆಂದಿತು. ಆಗ ಚಿತ್ರದ ಒಡೆಯರು ಕಂಡುಕೊಂಡ ಉಪಾಯ ವಿಲಕ್ಷಣವಾದುದು. 1916ರಲ್ಲಿ ಕೆನಡಾ ಗಡಿಯ ರೌಸಸ್ ಪಾಯಿಂಟ್ ಎಂಬಲ್ಲಿ, ಗಡಿರೇಖೆಯ ಆಚೆಯ ನೆಲದ ಮೇಲೆ ಸುರುಳಿಯನ್ನೂ ಈಚೆಯ ನೆಲದ ಮೇಲೆ ಖಾಲಿ ಫಿಲ್ಮನ್ನು ತುಂಬಿದ ಕ್ಯಾಮೆರಾವನ್ನೂ ಇಟ್ಟು, ಆಚೆಯ ಚಿತ್ರದ ಮೂಲಕ ಬೆಳಕನ್ನು ಹಾಯಿಸಿ, ಒಂದೊಂದು ಚೌಕಟ್ಟನ್ನೂ ಈಚೆಯ ಫಿಲ್ಮಿನ ಮೇಲೆ ಮೂಡಿಸಿಕೊಂಡರು. ಗಡಿಯನ್ನು ದಾಟಿದ್ದು ವಸ್ತುವಲ್ಲ, ಬೆಳಕು. ಬೆಳಕನ್ನು ತರುವುದು ಆಮದಲ್ಲ ಎಂಬುದು ಅವರ ವಾದ. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಒಪ್ಪದಿದ್ದರೂ, ಭೂಪಟದ ಗೆರೆಯೊಂದು ಮನುಷ್ಯನ ದೃಷ್ಟಿಯನ್ನು ತಡೆಯಹೊರಟಾಗ ವಿಧಿ ಎಂತಹ ಸೂಕ್ಷ್ಮಕ್ಕೆ ಇಳಿಯಬೇಕಾಗುತ್ತದೆಂಬುದನ್ನು ತೋರಿಸಲು ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿದ ನ್ಯಾಯಚರಿತ್ರೆಯಲ್ಲಿ ಇಲ್ಲ.

1920ರ ದಶಕದಲ್ಲಿ, ಸಾಗಿಸಿದವನು ದಂಡ ತೆತ್ತು, ಆಮೇಲೆ ಆ ಸಂಸ್ಥಾನದೊಳಗೆ ನಿರಾತಂಕವಾಗಿ ಚಿತ್ರವನ್ನು ತೋರಿಸುವ ಪದ್ಧತಿ ಬೆಳೆಯಿತು. ದಂಡವೇ ಪರವಾನಗಿಯ ಶುಲ್ಕವಾಯಿತು. 1940ರಲ್ಲಿ ಶಾಸನ ರದ್ದಾಯಿತು. ಅಷ್ಟರಲ್ಲಿ ಜೋ ಲೂಯಿಸ್ ಎಂಬ ಇನ್ನೊಬ್ಬ ಕರಿಯನು ಜಗಜ್ಜೇತನಾಗಿ, ಅಮೆರಿಕನ್ನರೆಲ್ಲರೂ ತಮ್ಮವನೆಂದು ಹೇಳಿಕೊಳ್ಳುವಂತಾಗಿದ್ದನು.

ಇನ್ನು ನಮ್ಮ ನೆಲಕ್ಕೆ ಬರೋಣ. ನಮ್ಮಲ್ಲಿ ಮುಷ್ಟಿಯುದ್ಧದ ಚಿತ್ರಗಳಿಗೆಂದೇ ಪ್ರತ್ಯೇಕ ಶಾಸನವಾಗಲಿಲ್ಲ. 1918ರ ಸಿನೆಮಾಟೋಗ್ರಾಫ್ ಕಾಯಿದೆಯು ಎಲ್ಲ ಚಿತ್ರಗಳನ್ನೂ ಒಂದೇ ಬಲೆಯೊಳಗೆ ತಂದಿತು. 1920ರಲ್ಲಿ ಮುಂಬಯಿ, ಕಲ್ಕತ್ತ, ಮದ್ರಾಸು, ರಂಗೂನುಗಳಲ್ಲಿ ಪರಿಶೀಲನ ಮಂಡಳಿಗಳು ಸ್ಥಾಪಿತವಾದವು. ಮುಂಬಯಿಯ ಮಂಡಳಿಗೆ ನಗರದ ಪೋಲೀಸ್ ಕಮಿಷನರನೇ ಅಧ್ಯಕ್ಷ. ಈ ಕಾಯಿದೆಯ ರಚನೆಯಲ್ಲಿ ಒಂದು ದ್ವಂದ್ವವಿತ್ತು, ಮತ್ತು ಆ ದ್ವಂದ್ವದಿಂದ ನಾವು ಇಂದಿಗೂ ಬಿಡಿಸಿಕೊಂಡಿಲ್ಲ. ಒಂದು ಮಂಡಳಿ ನೀಡಿದ ಪ್ರಮಾಣಪತ್ರವು ಬ್ರಿಟಿಷ್ ಭಾರತಕ್ಕೆಲ್ಲ ಸಲ್ಲುವುದೆಂದು ಅದು ಒಂದು ಕೈಯಿಂದ ಕೊಟ್ಟಿತು. ಯಾವುದೇ ಪ್ರಾಂತದ ಸರಕಾರವು ತನ್ನ ಎಲ್ಲೆಯೊಳಗೆ ಅದನ್ನು ಅಸಿಂಧುವೆಂದು ಸಾರಬಹುದೆಂದೂ, ಜಿಲ್ಲಾ ದಂಡಾಧಿಕಾರಿಯು ತನ್ನ ಜಿಲ್ಲೆಯಲ್ಲಿ ಪ್ರದರ್ಶನವನ್ನು ತಡೆಹಿಡಿಯಬಹುದೆಂದೂ ಹೇಳಿ ಇನ್ನೊಂದು ಕೈಯಿಂದ ಕಸಿದುಕೊಂಡಿತು. ಅಮೆರಿಕನ್ನರು ದಾರಿಯನ್ನು ಮುಚ್ಚಿ ಊರನ್ನು ತೆರೆದಿಟ್ಟರೆ, ನಮ್ಮ ಆಳರಸರು ದಾರಿಯನ್ನು ತೆರೆದಿಟ್ಟು ಊರೂರಿಗೂ ಬಾಗಿಲನ್ನು ನಿಲ್ಲಿಸಿದರು.

ಆ ಬಾಗಿಲಿಗೆ ಮೊದಲು ಬಡಿದ ಪ್ರಸಿದ್ಧ ಚಿತ್ರ ಈ ಊರಿನದೇ. ದ್ವಾರಕಾದಾಸ ಸಂಪತ್ ಎಂಬ ಸಾಹಸಿಯು ನಡೆಸುತ್ತಿದ್ದ ಕೋಹಿನೂರ್ ಫಿಲ್ಮ್ ಕಂಪನಿಯು 1921ರಲ್ಲಿ, ಕಾಂಜೀಭಾಯಿ ರಾಠೋಡರ ನಿರ್ದೇಶನದಲ್ಲಿ, ‘ಭಕ್ತ ವಿದುರ’ ಎಂಬ ಮೂಕಚಿತ್ರವನ್ನು ಹೊರತಂದಿತು. ಕಥೆ ಮಹಾಭಾರತದ್ದು; ಆದರೆ ವಿದುರನ ವೇಷದಲ್ಲಿ ತೆರೆಯ ಮೇಲೆ ನಡೆದುಬಂದ ಸಂಪತ್ತರು ಗಾಂಧೀ ಟೊಪ್ಪಿಗೆಯನ್ನೂ ಖಾದಿಯನ್ನೂ ಧರಿಸಿದ್ದರು. ಅಸಹಕಾರದ ಆ ದಿನಗಳಲ್ಲಿ ಪ್ರೇಕ್ಷಕನಿಗೆ ಬೇರೆ ವ್ಯಾಖ್ಯಾನ ಬೇಕಾಗಿರಲಿಲ್ಲ. ಧರ್ಮವನ್ನು ನುಡಿದು ಅರಮನೆಯಿಂದ ಹೊರನಡೆಯುವ ವಿದುರ ಯಾರೆಂಬುದೂ, ಕೇಳದೆ ಕೆಡುವ ಕೌರವರು ಯಾರೆಂಬುದೂ ಕೂಸಿಗೂ ತಿಳಿಯುವಂತಿತ್ತು. ಕರಾಚಿಯಲ್ಲಿ, ಅಂದರೆ ಆಗ ಮುಂಬಯಿ ಆಧಿಪತ್ಯದೊಳಗೇ ಇದ್ದ ಸಿಂಧ ಪ್ರಾಂತದಲ್ಲಿ, ದಂಡಾಧಿಕಾರಿ ಅದನ್ನು ನಿಷೇಧಿಸಿದನು; ಸರಕಾರದ ವಿಷಯದಲ್ಲಿ ಅಪ್ರೀತಿಯನ್ನು ಕೆರಳಿಸಿ ಜನರನ್ನು ಅಸಹಕಾರಕ್ಕೆ ಪ್ರಚೋದಿಸಬಹುದೆಂಬುದು ಅವನು ಕೊಟ್ಟ ಕಾರಣ. ಮದ್ರಾಸು ಸರಕಾರವೂ ನಿಷೇಧಿಸಿತು.

ಕನ್ನಡಿಗರಾದ ನಮಗೆ ಈ ಮದ್ರಾಸಿನ ಆಜ್ಞೆಯ ಅರ್ಥ ಬೇಗನೆ ಹೊಳೆಯಬೇಕು. ಅಂದು ಕನ್ನಡನಾಡು ಐದಾರು ಒಡೆತನಗಳಲ್ಲಿ ಹರಿದು ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿಗೆ, ಮಂಗಳೂರು ಬಳ್ಳಾರಿಗಳು ಮದ್ರಾಸಿಗೆ, ಕಲಬುರ್ಗಿ, ಬೀದರ, ರಾಯಚೂರುಗಳು ನಿಜಾಮನಿಗೆ, ಕೊಡಗು ಚೀಫ್ ಕಮಿಷನರನಿಗೆ, ಮೈಸೂರು ಮಹಾರಾಜರಿಗೆ. ಬ್ರಿಟಿಷ್ ಭಾರತದ ಕಾಯಿದೆ ಮೈಸೂರಿಗೂ ಹೈದರಾಬಾದಿಗೂ ಸಲ್ಲುತ್ತಿರಲಿಲ್ಲ. ಒಂದೇ ನುಡಿಯನ್ನಾಡುವ, ಒಂದೇ ಭಾರತಕಥೆಯನ್ನು ಗಮಕಿಗಳ ಬಾಯಿಂದ ಕೇಳಿ ಬೆಳೆದ ಜನರಲ್ಲಿ, ಬಳ್ಳಾರಿಯವನಿಗೆ ವಿದುರನ ದರ್ಶನ ನಿಷಿದ್ಧ. ತುಂಗಭದ್ರೆಯ ಆಚೆ ದಡದವನಿಗೆ ಬೇರೆಯೇ ವಿಧಿ. ಶಾಂತಿಭಂಗದ ಭಯ ಎಂಬುದು ನದಿಯ ಒಂದು ದಡದಲ್ಲಿ ಸತ್ಯವಾಗಿ ಇನ್ನೊಂದು ದಡದಲ್ಲಿ ಮಿಥ್ಯೆಯಾಗಲಾರದು. ವ್ಯತ್ಯಾಸವಿದ್ದುದು ಜನರ ಸ್ವಭಾವದಲ್ಲಲ್ಲ, ಆಜ್ಞೆಗೆ ಸಹಿ ಹಾಕುವ ಕೈಯಲ್ಲಿ.

1930ರಲ್ಲಿ ಗಾಂಧೀಜಿಯವರು ದಂಡಿಗೆ ನಡೆದಾಗ ಮುಂಬಯಿಯ ಚಿತ್ರಸಂಸ್ಥೆಗಳು ಆ ಯಾತ್ರೆಯನ್ನು ಚಿತ್ರಿಸಿದವು. ಅವೂ ನಿಷೇಧಕ್ಕೆ ಒಳಗಾದವು. 1937ರಲ್ಲಿ ಪ್ರಾಂತಗಳಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ಬಂದ ಮೇಲೆ ಇಂತಹ ಹಲವು ನಿಷೇಧಗಳು ತೆರವಾದವು. ಇದಕ್ಕೂ ಮೊದಲೇ, 1927ರಲ್ಲಿ ದಿವಾನ್ ಬಹಾದ್ದೂರ್ ಟಿ. ರಂಗಾಚಾರಿಯವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು 353 ಸಾಕ್ಷಿಗಳ ಹೇಳಿಕೆಗಳನ್ನು ಪಡೆದು, ಮರುವರ್ಷ ವರದಿಯನ್ನೊಪ್ಪಿಸಿ, ಬೇರೆ ಬೇರೆ ಮಂಡಳಿಗಳ ಬದಲು ಒಂದು ಕೇಂದ್ರೀಯ ಮಂಡಳಿ ಬೇಕೆಂದು ಸೂಚಿಸಿತು. ಆ ವರದಿಯ ವಿವೇಕ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಪಾಟಿನಲ್ಲಿ ಮಲಗಿತು; ಕೇಂದ್ರೀಯ ಮಂಡಳಿ ಮುಂಬಯಿಯಲ್ಲಿ ಸ್ಥಾಪಿತವಾದದ್ದು ಸ್ವಾತಂತ್ರ್ಯ ಬಂದು, ಸಂವಿಧಾನ ಜಾರಿಯಾದ ಮೇಲೆ, 1951ರಲ್ಲಿ.

ಸಂವಿಧಾನವು ಹಳೆಯ ದ್ವಂದ್ವವನ್ನು ಪರಿಹರಿಸಿತೆಂದು ಹೇಳಲಾರೆ. ಅದನ್ನು ಎರಡು ಪಟ್ಟಿಗಳಲ್ಲಿ ಬರೆದಿಟ್ಟಿತು. ಚಲಚ್ಚಿತ್ರಗಳನ್ನು ಪ್ರದರ್ಶನಕ್ಕೆ ಮಂಜೂರು ಮಾಡುವುದು ಕೇಂದ್ರಪಟ್ಟಿಯ 60ನೆಯ ವಿಷಯ. ಚಿತ್ರಮಂದಿರಗಳು, ಕ್ರೀಡೆಗಳು, ಮನರಂಜನೆಗಳು ರಾಜ್ಯಪಟ್ಟಿಯ 33ನೆಯ ವಿಷಯ, ಅದೂ ಕೇಂದ್ರದ ಆ ಅಧಿಕಾರಕ್ಕೆ ಒಳಪಟ್ಟು. ಚಿತ್ರ ಕೇಂದ್ರದ್ದು, ಚಿತ್ರ ತೋರಿಸುವ ಮನೆ ರಾಜ್ಯದ್ದು. 1952ರ ಕೇಂದ್ರ ಸಿನೆಮಾಟೋಗ್ರಾಫ್ ಕಾಯಿದೆಯ ಪಕ್ಕದಲ್ಲಿಯೇ 1953ರ ಮುಂಬಯಿ ಸಿನೆಮಾ ನಿಯಂತ್ರಣ ಕಾಯಿದೆ ಬಂತು. ಇತರ ರಾಜ್ಯಗಳೂ ಹಾಗೆಯೇ ಮಾಡಿದವು. ಬೆಂಕಿಯ ಅಪಾಯ, ಆಸನಗಳ ಅಂತರ, ಹೊರಹೋಗುವ ದ್ವಾರಗಳು ಇವೆಲ್ಲ ರಾಜ್ಯಗಳು ನೋಡಿಕೊಳ್ಳಬೇಕಾದವೇ. ಸೆಲ್ಯುಲಾಯಿಡ್ ಎಂಬುದು ಬಲುಬೇಗ ಹೊತ್ತಿಕೊಳ್ಳುವ ವಸ್ತುವಾದುದರಿಂದ ಅದನ್ನು ದಾಸ್ತಾನು ಮಾಡುವುದಕ್ಕೂ ಸಾಗಿಸುವುದಕ್ಕೂ 1948ರಲ್ಲಿಯೇ ನಿಯಮಗಳಾಗಿದ್ದವು, ಮತ್ತು ಅವು ನ್ಯಾಯವಾದವೇ. ಆದರೆ ಬೆಂಕಿಯಿಂದ ಪ್ರೇಕ್ಷಕನನ್ನು ಕಾಯುವ ಅಧಿಕಾರದ ಬೆನ್ನಿಗೇ, ಚಿತ್ರದಿಂದ ಪ್ರೇಕ್ಷಕನನ್ನು ಕಾಯುವ ಹಳೆಯ ಅಧಿಕಾರವೂ ಶಾಂತಿಭಂಗದ ಹೆಸರಿನಲ್ಲಿ ಉಳಿದುಕೊಂಡಿತು. ಮುಂಬಯಿಯವರೇ ಆದ ಖ್ವಾಜಾ ಅಹಮದ್ ಅಬ್ಬಾಸರು ಮುಂಬಯಿ, ಕಲ್ಕತ್ತ, ಮದ್ರಾಸು, ದಿಲ್ಲಿಗಳ ಸಿರಿಬಡತನಗಳನ್ನು ಕುರಿತು ತೆಗೆದ ಕಿರುಚಿತ್ರಕ್ಕಾಗಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದಾಗ, 1970ರಲ್ಲಿ ನ್ಯಾಯಾಲಯವು ಪೂರ್ವಪರಿಶೀಲನೆಯನ್ನು ಎತ್ತಿಹಿಡಿಯಿತು. ಒಮ್ಮೆ ಪರಿಶೀಲನೆಯಾಗಿ ಪ್ರಮಾಣಪತ್ರ ದೊರೆತ ಮೇಲೆ ಏನು ಎಂಬ ಪ್ರಶ್ನೆಗೆ ಖಚಿತವಾದ ಉತ್ತರ ಬಂದದ್ದು 1989ರಲ್ಲಿ, ಒಂದು ತಮಿಳು ಚಿತ್ರದ ಮೊಕದ್ದಮೆಯಲ್ಲಿ: ಪ್ರತಿಭಟನೆಯ ಬೆದರಿಕೆಯಿದೆಯೆಂದು ಹೇಳಿ ರಾಜ್ಯವು ಚಿತ್ರವನ್ನು ತಡೆಯಲಾಗದು, ಪ್ರದರ್ಶನಕ್ಕೆ ರಕ್ಷಣೆ ಕೊಡುವುದೇ ಅದರ ಕರ್ತವ್ಯವೆಂದು ನ್ಯಾಯಾಲಯ ವಿಧಿಸಿತು.

ಇಲ್ಲಿ ಒಂದು ಪ್ರಾಸಂಗಿಕ ಮಾತನ್ನು ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪದು. 1956ರ ನವೆಂಬರ್ 1ರಂದು ಮುಂಬಯಿ ಕರ್ನಾಟಕದ ಜಿಲ್ಲೆಗಳು ತಾಯ್ನಾಡನ್ನು ಸೇರಿದವು. ಆದರೆ ಹಿಂದೀ ಚಿತ್ರಗಳ ಹಂಚಿಕೆದಾರರ ಭೂಪಟದಲ್ಲಿ ಅವು ಸೇರಲಿಲ್ಲ. ಬೆಳಗಾವಿ, ಧಾರವಾಡ, ಕಾರವಾರಗಳು ಅವರ ಲೆಕ್ಕದಲ್ಲಿ ‘ಬಾಂಬೆ ಟೆರಿಟರಿ’ಗೇ ಉಳಿದವು; ಕಲಬುರ್ಗಿ ಬೀದರಗಳು ‘ನಿಜಾಂ’ಗೆ, ಉಳಿದದ್ದು ‘ಮೈಸೂರು’ಗೆ. ರಾಜಕೀಯದ ಗಡಿಗಳು ಅಳಿಸಿಹೋದ ಮೇಲೂ ಚಿತ್ರದ ಪೆಟ್ಟಿಗೆ ಹಳೆಯ ಗಡಿಗಳನ್ನು ಅನುಸರಿಸಿಯೇ ನಡೆಯಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಕೂಡ 1934ರಲ್ಲಿ ಕೊಲ್ಲಾಪುರ ಸಂಸ್ಥಾನದಲ್ಲಿ ಹುಟ್ಟಿ, ಗಡಿಗಳನ್ನು ದಾಟಿಯೇ ಬೆಂಗಳೂರಿಗೆ ಬಂದದ್ದೆಂಬುದನ್ನು ಮರೆಯಬಾರದು. ನಮ್ಮ ಚಲಚ್ಚಿತ್ರಕಲೆ ಗಡಿ ದಾಟುವ ಸ್ವಾತಂತ್ರ್ಯದಿಂದಲೇ ಪ್ರಾರಂಭವಾದುದು.

ಈಗ ಮತ್ತೆ ಮುಷ್ಟಿಯುದ್ಧಕ್ಕೆ. ಮಣಿಪುರದ ಚೂಡಾಚಾಂದಪುರ ಜಿಲ್ಲೆಯ ಬಡ ರೈತಕುಟುಂಬದಲ್ಲಿ ಹುಟ್ಟಿ, ಐದು ಬಾರಿ ವಿಶ್ವವಿಜೇತೆಯಾಗಿ, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚನ್ನು ತಂದ ಮೇರಿ ಕೋಮ್ ಅವರ ಜೀವನವನ್ನು ಮುಂಬಯಿಯ ಚಿತ್ರರಂಗವು ಹಿಂದಿಯಲ್ಲಿ ನಿರೂಪಿಸಿತು. ಓಮಂಗ್ ಕುಮಾರ್ ನಿರ್ದೇಶಿಸಿದ, ಪ್ರಿಯಾಂಕಾ ಚೋಪ್ರಾ ನಾಯಕಿಯಾಗಿದ್ದ ಆ ಚಿತ್ರ 2014ರ ಸೆಪ್ಟೆಂಬರ್ 5ರಂದು ದೇಶದಾದ್ಯಂತ ತೆರೆಕಂಡಿತು. ಕಾಣದೆ ಉಳಿದದ್ದು ಮಣಿಪುರದಲ್ಲಿ. ಅಲ್ಲಿಯ ಸಶಸ್ತ್ರ ಸಂಘಟನೆಯಾದ ರೆವಲ್ಯೂಷನರಿ ಪೀಪಲ್ಸ್ ಫ್ರಂಟ್ 2000ದಲ್ಲಿ ಹಿಂದೀ ಚಿತ್ರಗಳನ್ನು ನಿಷೇಧಿಸಿತ್ತು. ಅಂದಿನಿಂದ ಚಿತ್ರಮಂದಿರದ ಒಡೆಯರು ಯಾರೂ ಅವನ್ನು ತೋರಿಸುವ ಸಾಹಸ ಮಾಡಿರಲಿಲ್ಲ. ಪ್ರಮಾಣಪತ್ರ ಇತ್ತು, ಅದು ಇಡೀ ಭಾರತಕ್ಕೆ ಸಲ್ಲುತ್ತಿತ್ತು, ರಾಜ್ಯ ಸರಕಾರ ಅದನ್ನು ರದ್ದುಪಡಿಸಿರಲಿಲ್ಲ, ದಂಡಾಧಿಕಾರಿಯ ಆಜ್ಞೆ ಇರಲಿಲ್ಲ. ಆದರೂ ತಮ್ಮ ಮಣ್ಣಿನ ಮಗಳು ಕಾದಿ ಗೆದ್ದ ಕಥೆಯನ್ನು ಅವಳ ನೆರೆಹೊರೆಯವರು ತಮ್ಮ ಊರಿನ ತೆರೆಯ ಮೇಲೆ ನೋಡಲಾರದೆ ಹೋದರು. ಹಿಂದೀ ಚಿತ್ರವೊಂದು ಆ ರಾಜ್ಯದಲ್ಲಿ ಬಹಿರಂಗವಾಗಿ ಪ್ರದರ್ಶಿತವಾದದ್ದು 2023ರ ಆಗಸ್ಟ್ 15ರಂದು, ಅದೇ ಚೂಡಾಚಾಂದಪುರದಲ್ಲಿ, ರಾಜ್ಯವೆಲ್ಲ ಕಲಹದ ಬೆಂಕಿಯಲ್ಲಿ ಬೇಯುತ್ತಿದ್ದಾಗ.

ನಾನು ಹೇಳಬೇಕೆಂದಿರುವುದರ ಸಾರ ಇಲ್ಲಿದೆ. ಜಾನ್ಸನ್ನನ ಚಿತ್ರವನ್ನು ತಡೆದ ಶಾಸನ ವರ್ಣದ್ವೇಷದಿಂದ ಹುಟ್ಟಿದುದು. ಅದನ್ನು ನಾನು ಸಮರ್ಥಿಸಲಾರೆ. ಆದರೂ ಅದು ಶಾಸನಸಭೆಯಲ್ಲಿ ಮಂಡಿತವಾಗಿ, ಅಚ್ಚಾಗಿ, ನ್ಯಾಯಾಲಯದಲ್ಲಿ ಪರೀಕ್ಷೆಗೊಳಗಾಯಿತು. ಬರೆದಿದ್ದರಿಂದಲೇ ಅದನ್ನು ಅಳಿಸಲು ಸಾಧ್ಯವಾಯಿತು. ಕರಾಚಿಯ ದಂಡಾಧಿಕಾರಿಯು ಪರಕೀಯ ಪ್ರಭುತ್ವದ ಕೈಯಾಳಾಗಿದ್ದರೂ ಕಾರಣವನ್ನು ಬರೆದನು, ಮತ್ತು ಬರೆದಿದ್ದರಿಂದಲೇ ಆ ಪ್ರಭುತ್ವದ ಭಯ ಎಂತಹುದೆಂಬುದನ್ನು ನಾವು ಇಂದು ಓದಬಲ್ಲೆವು. ಆದರೆ ಮಣಿಪುರದ ನಿಷೇಧವನ್ನು ಯಾವ ನ್ಯಾಯಾಲಯದಲ್ಲಿ ಪ್ರಶ್ನಿಸುವುದು? ಚಿತ್ರದ ದಾರಿಯನ್ನು ತಡೆಯುವ ಅಧಿಕಾರ ಶಾಸನಸಭೆಯಿಂದ ಅಧಿಕಾರಿಗೆ, ಅಧಿಕಾರಿಯಿಂದ ಬೀದಿಗೆ ಇಳಿದಂತೆಲ್ಲ, ಕಾರಣವನ್ನು ಕೊಡಬೇಕಾದ ಹೊಣೆ ಕರಗುತ್ತ ಬಂದಿದೆ.

2018ರ ಜನವರಿಯಲ್ಲಿ ‘ಪದ್ಮಾವತ್’ ಚಿತ್ರವನ್ನು ತಡೆಯಹೊರಟ ರಾಜಸ್ಥಾನ, ಗುಜರಾತು ಮೊದಲಾದ ರಾಜ್ಯಗಳ ಆಜ್ಞೆಗಳಿಗೆ ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು, ನ್ಯಾಯ ದೊರೆಯಿತು. ಆದರೆ ಬರೆದ ಆಜ್ಞೆ ಬಿದ್ದುಹೋದ ಮೇಲೂ ಆ ಪ್ರದೇಶಗಳ ಅನೇಕ ಚಿತ್ರಮಂದಿರಗಳು ಗಾಜು ಒಡೆದೀತು, ಬೆಂಕಿ ಬಿದ್ದೀತು ಎಂಬ ಅಂಜಿಕೆಯಿಂದ ತಾವಾಗಿಯೇ ಬಾಗಿಲು ಹಾಕಿಕೊಂಡವು. ಆ ಬಾಗಿಲನ್ನು ತೆರೆಸುವ ರಿಟ್ ಅರ್ಜಿ ಯಾವ ನ್ಯಾಯಶಾಸ್ತ್ರದಲ್ಲಿಯೂ ಇಲ್ಲ.

ನಮ್ಮವರ ವಿಷಯದಲ್ಲಿ ನಾನು ಮೌನವಾಗಿರುವುದು ನ್ಯಾಯವಲ್ಲ. ಕನ್ನಡಕ್ಕೆ ಡಬ್ಬಿಂಗ್ ಮಾಡಿದ ಚಿತ್ರಗಳನ್ನು ದಶಕಗಳ ಕಾಲ ಯಾವ ಕಾಯಿದೆಯೂ ಇಲ್ಲದೆ ತಡೆದೆವು; ಅದು ಸ್ಪರ್ಧಾ ಕಾಯಿದೆಗೆ ವಿರುದ್ಧವೆಂದು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ತೀರ್ಮಾನಿಸಿತು. ಚಿಕ್ಕ ಚಿತ್ರೋದ್ಯಮವೊಂದನ್ನು ಉಳಿಸಿಕೊಳ್ಳುವ ಕಳವಳ ಆ ತಡೆಯ ಹಿಂದೆ ಇತ್ತೆಂಬುದನ್ನು ನಾನು ಬಲ್ಲೆ, ಅದಕ್ಕೆ ಗೌರವವನ್ನೂ ಕೊಡುತ್ತೇನೆ. ಆದರೆ 2025ರ ಪ್ರಸಂಗಕ್ಕೆ ಆ ಸಮಾಧಾನವೂ ಇಲ್ಲ. ಕನ್ನಡವು ತಮಿಳಿನಿಂದ ಹುಟ್ಟಿತೆಂದು ನಟ ಕಮಲಹಾಸನ್ ಅವರು ಆಡಿದ ಮಾತು ಭಾಷಾಶಾಸ್ತ್ರಕ್ಕೆ ಸಲ್ಲದುದು. ಎರಡೂ ಮೂಲದ್ರಾವಿಡದ ಶಾಖೆಗಳೆಂಬುದು ವಿದ್ವಾಂಸರ ಮತ. ಆ ಮಾತಿಗೆ ಉತ್ತರವನ್ನು ಕೊಡಬೇಕಾದದ್ದು ಲೇಖನದಿಂದ, ಉಪನ್ಯಾಸದಿಂದ. ಅದರ ಬದಲು ಅವರ ‘ಥಗ್ ಲೈಫ್’ ಚಿತ್ರ ಜೂನ್ 5ರಂದು ದೇಶದ ಇತರೆಡೆ ತೆರೆಕಂಡಾಗ ಕರ್ನಾಟಕದಲ್ಲಿ ತೆರೆಕಾಣಲಿಲ್ಲ. ತಾನು ನಿಷೇಧಿಸಿಲ್ಲವೆಂದು ರಾಜ್ಯ ಸರಕಾರ ಹೇಳಿತು, ಅದು ನಿಜವೂ ಹೌದು. ಬರೆದ ನಿಷೇಧ ಇಲ್ಲದಿದ್ದುದೇ ಅಲ್ಲಿಯ ತೊಡಕು. ಗುಂಪಿನ ಬೆದರಿಕೆಗೆ ಚಿತ್ರವನ್ನು ಒತ್ತೆಯಿಡಲಾಗದೆಂದು ಸರ್ವೋಚ್ಚ ನ್ಯಾಯಾಲಯ ಜೂನ್ 17ರಂದು ಕಟುವಾಗಿ ನುಡಿಯಿತು. ರಕ್ಷಣೆ ಕೊಡುವುದಾಗಿ ಸರಕಾರವು ನೀಡಿದ ಭರವಸೆಯನ್ನು ದಾಖಲಿಸಿಕೊಂಡು 19ರಂದು ಮೊಕದ್ದಮೆಯನ್ನು ಮುಗಿಸಿತು.

ಮುಂಬಯಿಯಲ್ಲಿ ಕನ್ನಡಿಗರಾದ ನಾವೂ ಪರರಾಜ್ಯದ ಪ್ರೇಕ್ಷಕರೇ. ಮಾಟುಂಗದ ಅರೋರಾ ಚಿತ್ರಮಂದಿರದಲ್ಲಿ ದಕ್ಷಿಣದ ಭಾಷೆಗಳ ಚಿತ್ರಗಳು ತಲೆಮಾರುಗಳ ಕಾಲ ನಡೆದದ್ದು ಈ ಊರು ಅಂತಹ ಚಿತ್ರಗಳಿಗೆ ದಾರಿ ಬಿಟ್ಟುದರಿಂದ. ಬೆಂಗಳೂರಿನಲ್ಲಿ ನಾವು ಇತರರಿಗೆ ನಿರಾಕರಿಸಿದುದನ್ನು ಇಲ್ಲಿ ನಮಗೆ ಬೇಕೆಂದು ಕೇಳುವ ನೈತಿಕ ಬಲ ನಮಗೆಲ್ಲಿಂದ ಬರಬೇಕು?

1952ರ ಕಾಯಿದೆಗೆ 2023ರಲ್ಲಿ ಬಂದ ತಿದ್ದುಪಡಿಯಿಂದ ಪ್ರಮಾಣಪತ್ರದ ಹತ್ತು ವರ್ಷಗಳ ಅವಧಿ ಹೋಗಿ, ಅದು ಶಾಶ್ವತವಾಗಿ ಸಲ್ಲುವಂತಾಗಿದೆ. ಕಾಲದ ಗಡಿಯನ್ನು ಶಾಸನ ತೆಗೆದುಹಾಕಿತು. ಸ್ಥಳದ ಗಡಿಯ ಕೆಲಸ ಬಾಕಿಯಿದೆ. ಅದಕ್ಕೆ ನಾನು ಕೇಳುವುದು ಇಷ್ಟೇ: ಪ್ರಮಾಣಿತವಾದ ಚಿತ್ರವನ್ನು ಯಾವ ಅಧಿಕಾರಿ ತಡೆದರೂ ಕಾರಣವನ್ನು ಬರೆದು ಅಂದೇ ಪ್ರಕಟಿಸಬೇಕು, ಯಾವ ಗುಂಪು ತಡೆದರೂ ಅದನ್ನು ಬಿಡಿಸದ ಅಧಿಕಾರಿಯು ಏಕೆ ಬಿಡಿಸಲಿಲ್ಲವೆಂಬ ಕಾರಣವನ್ನು ಹಾಗೆಯೇ ಬರೆದುಕೊಡಬೇಕು, ಉಚ್ಚ ನ್ಯಾಯಾಲಯವು ಅದನ್ನು ಎರಡು ಮೂರು ದಿನಗಳೊಳಗೆ ವಿಚಾರಿಸಬೇಕು. ಇಂದು ಚಿತ್ರ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಗೂಢಲಿಪಿಯ ಕಡತವಾಗಿ ಬಂದು, ಗೊತ್ತಾದ ದಿನದಂದು ಕೀಲಿಯಿಂದ ತೆರೆದುಕೊಳ್ಳುತ್ತದೆ, ಮತ್ತು ಅದರ ಗಳಿಕೆಯ ಬಹುಭಾಗ ಮೊದಲ ವಾರದಲ್ಲಿಯೇ ಮುಗಿದುಹೋಗುತ್ತದೆ. ‘ಥಗ್ ಲೈಫ್’ ಪ್ರಸಂಗದಲ್ಲಿ ಜೂನ್ 5ರಿಂದ 19ರವರೆಗಿನ ಎರಡು ವಾರಗಳು ನ್ಯಾಯಾಲಯದ ಲೆಕ್ಕದಲ್ಲಿ ಅತಿ ಶೀಘ್ರ. ಆ ಚಿತ್ರದ ಕರ್ನಾಟಕದ ಹಂಚಿಕೆದಾರನ ಲೆಕ್ಕದಲ್ಲಿ ಅಷ್ಟು ಹೊತ್ತಿಗೆ ತೋರಿಸಲು ಏನೂ ಉಳಿದಿರಲಿಲ್ಲ.